ಮನೆಮಗಳ ಪಾಕೆಟ್ ಮನಿ

2020ರ ಜೂನ್ 22ರಂದು ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಘೋಷಣೆಯನ್ನು ಬೆಂಗಳೂರಿನ ಐಟಿ ಮಂದಿ ಇನ್ನೂ ಮರೆತಿರಲಿಕ್ಕಿಲ್ಲ. ವರ್ಷದ ಕೊನೆಯವರೆಗೆ ಹೊಸ ಎಚ್-1ಬಿ ಇಲ್ಲ, ಎಲ್-1 ಇಲ್ಲ. ಕೊರೋನಾದಿಂದ ಕೆಲಸ ಕಳ್ಕೊಂಡ ಅಮೆರಿಕನ್ನರಿಗೆ ಹೊರಗಿನವರು ಪೈಪೋಟಿ ಕೊಡಬಾರದು ಅನ್ನೋದು ಕಾರಣ. ಅದೇ ಕಾಗದದಲ್ಲಿ ಇನ್ನೊಂದು ಪದವೂ ಇತ್ತು: ಓ ಪೇರ್. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಅದರ ಸುದ್ದಿ ಅಷ್ಟಾಗಿ ಬರಲಿಲ್ಲ.

ಓ ಪೇರ್ ಅಂದ್ರೆ ಬೇರೆ ದೇಶದಿಂದ ಬಂದು ಒಂದು ಕುಟುಂಬದ ಜೊತೆಗೇ ಇದ್ದು, ಅವರ ಮಕ್ಕಳನ್ನು ನೋಡಿಕೊಳ್ಳುವ ಹುಡುಗಿ. ಹುಡುಗರೂ ಇರುತ್ತಾರೆ, ಕಡಿಮೆ. ಅಮೆರಿಕದಲ್ಲಿ ವಯಸ್ಸು 18ರಿಂದ 26. ಜರ್ಮನಿ, ಬ್ರೆಜಿಲ್, ಕೊಲಂಬಿಯಾ, ಮೆಕ್ಸಿಕೋ ಕಡೆಯಿಂದ ಬರುವವರು ಹೆಚ್ಚು. ಊಟ, ಒಂದು ಕೋಣೆ, ವಾರಕ್ಕಿಷ್ಟು ಕೈಖರ್ಚು, ಓದೋದಕ್ಕೆ ಒಂದಷ್ಟು ದುಡ್ಡು. ಫ್ರೆಂಚಿನಲ್ಲಿ ಈ ಪದಕ್ಕೆ 'ಸರಿಸಮ' ಅನ್ನೋ ಅರ್ಥವಿದೆ. ಅಂದರೆ ಅವಳು ಆಳಲ್ಲ, ಮನೆಯವರ ಸಮಾನಳು. ನಮ್ಮಲ್ಲಿ 'ಮನೆಮಗಳ ಹಾಗೆ ನೋಡ್ಕೋತೀವಿ' ಅಂತಾರಲ್ಲ, ಆ ಮಾತನ್ನೇ ಒಂದು ವೀಸಾ ಮಾಡಿದ್ರೆ ಹೇಗಿರುತ್ತೋ ಹಾಗೆ.

ಈ ಮಾತಿಗೆ ಸರ್ಕಾರಿ ರೂಪ ಕೊಟ್ಟದ್ದು ಯುರೋಪು. ಎರಡು ಮಹಾಯುದ್ಧಗಳ ಹೊತ್ತಿಗೆ ಅಲ್ಲಿನ ಮಧ್ಯಮವರ್ಗದ ಮನೆಗಳಿಗೆ ಕೆಲಸದವರು ಸಿಗೋದು ಕಷ್ಟವಾಯಿತು. ಭಾಷೆ ಕಲಿಯಬೇಕು, ಊರು ನೋಡಬೇಕು ಅನ್ನೋ ಹುಡುಗಿಯರು ಆ ಜಾಗಕ್ಕೆ ಬಂದರು. 1969ರ ನವೆಂಬರ್ 24ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಕೌನ್ಸಿಲ್ ಆಫ್ ಯುರೋಪ್ ಒಂದು ಒಪ್ಪಂದ ಮಾಡಿತು. ಓ ಪೇರ್ ವಿದ್ಯಾರ್ಥಿಯೂ ಅಲ್ಲ, ಕಾರ್ಮಿಕಳೂ ಅಲ್ಲ, ಎರಡರ ಲಕ್ಷಣವೂ ಇರುವ ಬೇರೆಯೇ ವರ್ಗ ಎಂದು ಪೀಠಿಕೆಯಲ್ಲೇ ಹೇಳಿತು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಇಲ್ಲ. ವಾರಕ್ಕೊಂದು ಪೂರ್ತಿ ರಜೆ, ತಿಂಗಳಿಗೆ ಒಂದಾದರೂ ಭಾನುವಾರ. ಸಾಧ್ಯವಾದರೆ ಬೇರೆ ಕೋಣೆ. ಭಾಷಾ ತರಗತಿಗೆ ಹೋಗಲು ಸಮಯ. ದುಡ್ಡಿಗೆ ಅವರು ಬಳಸಿದ ಪದ ಮಾತ್ರ 'ಪಾಕೆಟ್ ಮನಿ'. ಈ ಒಪ್ಪಂದವನ್ನು ಅಂಗೀಕರಿಸಿದ್ದು ಬೆರಳೆಣಿಕೆಯ ದೇಶಗಳು. ಪಾಕೆಟ್ ಮನಿ ಅನ್ನೋ ಪದ ಮಾತ್ರ ಎಲ್ಲರಿಗೂ ಇಷ್ಟವಾಯಿತು!

ಅಮೆರಿಕದಲ್ಲಿ ಇದು ಶುರುವಾದದ್ದು 1986ರಲ್ಲಿ. ತಂದದ್ದು ಕಾರ್ಮಿಕ ಇಲಾಖೆಯಲ್ಲ, ವಿದೇಶಗಳಲ್ಲಿ ಅಮೆರಿಕದ ಪರಿಚಯ ಮಾಡಿಸುವ ಸರ್ಕಾರಿ ಮಾಹಿತಿ ಸಂಸ್ಥೆ. ವೀಸಾ ಜೆ-1, ಸಾಂಸ್ಕೃತಿಕ ವಿನಿಮಯದ್ದು. ಯುರೋಪಿನ ದಿನಕ್ಕೆ ಐದು ಗಂಟೆ ಇಲ್ಲಿ ಹತ್ತು ಗಂಟೆಯವರೆಗೆ ಹಿಗ್ಗಿತು, ವಾರಕ್ಕೆ 45. ಇಷ್ಟೊಂದು ದುಡಿಸಿಕೊಂಡು ಸಂಸ್ಕೃತಿ ವಿನಿಮಯ ಅಂತ ಹೇಗೆ ಹೇಳ್ತೀರಿ ಎಂದು 1990ರಲ್ಲೇ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧಕರು ಆಕ್ಷೇಪ ಎತ್ತಿದ್ದರು. ಆದರೆ ಮಕ್ಕಳ ಡೇಕೇರ್ ಖರ್ಚಿನಲ್ಲಿ ಬೇಯುತ್ತಿದ್ದ ಕುಟುಂಬಗಳಿಗೆ ಯೋಜನೆ ಬೇಕಿತ್ತು. ಸಂಸತ್ತು ಅದನ್ನು ಉಳಿಸಿಕೊಂಡಿತು.

ಈಗ ಲೆಕ್ಕ ನೋಡಿ. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. 45 ಗಂಟೆಗೆ 326.25. ಅದರಲ್ಲಿ ಊಟ-ವಸತಿಗೆ ಅಂತ ಶೇ. 40 ಕಳೆಯಿರಿ. ಉಳಿದದ್ದು 195.75. ಇದೇ ವಾರದ ಸ್ಟೈಪೆಂಡ್, ಗಂಟೆಗೆ 4.35 ಡಾಲರ್. ನಿಯಮದಲ್ಲಿ ಇದು ಕನಿಷ್ಠ ಮೊತ್ತ. ಏಜೆನ್ಸಿಗಳು ಕುಟುಂಬಗಳಿಗೆ ಇದನ್ನೇ ನಿಗದಿತ ದರ ಎಂಬಂತೆ ಹೇಳಿದವು ಅನ್ನೋದು 2014ರಲ್ಲಿ ಕೊಲರಾಡೋ ಫೆಡರಲ್ ಕೋರ್ಟಿಗೆ ಹೋದ ಓ ಪೇರ್‌ಗಳ ದೂರು. ಹದಿನೈದು ಏಜೆನ್ಸಿಗಳು, ಸುಮಾರು ಒಂದು ಲಕ್ಷ ಹುಡುಗ-ಹುಡುಗಿಯರ ಪರವಾಗಿ ಕೇಸು. 2019ರ ಜನವರಿಯಲ್ಲಿ 6.55 ಕೋಟಿ ಡಾಲರ್‌ಗೆ ರಾಜಿಯಾಯಿತು. ತಲೆಗೆ ಹಂಚಿದರೆ ದೊಡ್ಡದೇನಲ್ಲ. ಆದರೆ 'ಮನೆಮಗಳು' ಕೋರ್ಟಿನಲ್ಲಿ ಸಂಬಳದ ಲೆಕ್ಕ ಕೇಳಿದ್ದಳು.

ಅದೇ ವರ್ಷ ಡಿಸೆಂಬರ್ 2ರಂದು ಬಾಸ್ಟನ್ನಿನ ಮೇಲ್ಮನವಿ ನ್ಯಾಯಾಲಯ ಇನ್ನೂ ದೊಡ್ಡ ಮಾತು ಹೇಳಿತು. ಮ್ಯಾಸಚೂಸೆಟ್ಸ್ ರಾಜ್ಯದ ಮನೆಕೆಲಸದವರ ಹಕ್ಕುಗಳ ಕಾನೂನು ಓ ಪೇರ್‌ಗಳಿಗೂ ಅನ್ವಯ. ಅಂದರೆ 2020ರ ಜನವರಿಯಿಂದ ಅಲ್ಲಿ ಗಂಟೆಗೆ 12.75 ಡಾಲರ್, 40 ಗಂಟೆ ದಾಟಿದರೆ ಒಂದೂವರೆ ಪಟ್ಟು. ವಾರಕ್ಕೆ 45 ಗಂಟೆಯಾದರೆ 605 ಡಾಲರ್ ಚಿಲ್ಲರೆ. ಕಾನೂನು ಒಪ್ಪುವ ಊಟ-ವಸತಿಯ ಕಡಿತ ಇದರ ಮುಂದೆ ಸಣ್ಣದು. ಅದೇ ಹುಡುಗಿ, ಅದೇ ಮಗು, ಅದೇ ಲಂಚ್‌ಬಾಕ್ಸ್. ಬೆಲೆ ಮೂರು ಪಟ್ಟು. ಇಷ್ಟು ಕೊಡೋದಾದ್ರೆ ನಮಗೆ ಬೇಡ ಅಂದ ಮನೆಗಳೂ ಇದ್ದವು.

ಆಮೇಲೆ ಮೂರೇ ತಿಂಗಳು. 2020ರ ಮಾರ್ಚ್ ಮಧ್ಯದಲ್ಲಿ ಯುರೋಪಿನಿಂದ ಬರೋರಿಗೆ ಅಮೆರಿಕ ಬಾಗಿಲು ಹಾಕಿತು. ಕೆಲವೇ ದಿನಗಳಲ್ಲಿ ದೂತಾವಾಸಗಳಲ್ಲಿ ಮಾಮೂಲಿ ವೀಸಾ ಕೆಲಸವೂ ನಿಂತಿತು. ಹೊಸಬರು ಬರುವಂತಿಲ್ಲ, ಇದ್ದವರೇ ಗತಿ. ಶಾಲೆ, ಡೇಕೇರ್ ಬಂದ್. ಅಪ್ಪ-ಅಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಮೀಟಿಂಗ್‌ನಲ್ಲಿ. ಮಕ್ಕಳು ದಿನವಿಡೀ ಮನೆಯಲ್ಲಿ.

45 ಗಂಟೆ ಅನ್ನೋ ನಿಯಮ ಏನೋ ಕಾಗದದ ಮೇಲೆ ಹಾಗೇ ಇತ್ತು. ಆದರೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಹುಡುಗಿಗೆ ಗಡಿಯಾರ ಸ್ಪಷ್ಟ: ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು. ಎಲ್ಲರೂ ಒಂದೇ ಸೂರಿನಡಿ ಇದ್ದಾಗ ಕೆಲಸ ಎಲ್ಲಿ ಶುರು, ಎಲ್ಲಿ ಮುಗಿಯಿತು? ವರ್ಕ್ ಫ್ರಂ ಹೋಂ ಮಾಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸ ಇಷ್ಟೇ, ನೀವು ಲ್ಯಾಪ್‌ಟಾಪ್ ಮುಚ್ಚಿದರೆ ಇದ್ದದ್ದು ನಿಮ್ಮ ಮನೆ. ಅವಳು ಬಾಗಿಲು ಮುಚ್ಚಿಕೊಂಡರೂ ಇದ್ದದ್ದು ಆಫೀಸಿನೊಳಗೇ.

ರಜೆಯ ವಿಷಯ ಇದಕ್ಕಿಂತ ಸೂಕ್ಷ್ಮ. ವಾರಕ್ಕೆ ಒಂದೂವರೆ ದಿನ, ತಿಂಗಳಿಗೊಂದು ಪೂರ್ತಿ ವಾರಾಂತ್ಯ ಅವಳ ಹಕ್ಕು. ಹೊರಗೆ ಹೋಗಿ ಗೆಳತಿಯನ್ನು ಭೇಟಿಯಾಗಿ ಬಂದರೆ ಮಗುವಿಗೆ ಸೋಂಕು ತಂದರೆ ಅನ್ನೋ ಭಯ ಸುಳ್ಳಲ್ಲ. ಮನೆಯಲ್ಲಿ ಅಜ್ಜಿಯೋ ಕಾಯಿಲೆಯ ಮಗುವೋ ಇದ್ದರೆ ಇನ್ನೂ ನಿಜ. ಆದರೆ ಅಪ್ಪ ತರಕಾರಿ ತರಲು ಹೋಗಬಹುದು, ಅಮ್ಮ ಆಸ್ಪತ್ರೆಯ ಡ್ಯೂಟಿಗೆ ಹೋಗಬಹುದು, ಓ ಪೇರ್ ಮಾತ್ರ ಪಾರ್ಕಿಗೆ ಹೋಗಲು ಕೇಳಬೇಕು ಅಂದಾಗ ಸರಿಸಮ ಅನ್ನೋ ಪದಕ್ಕೆ ಏನರ್ಥ? ಬೇಡ ಅಂತ ಜಗಳವಾಡಿ ಹೊರಬಿದ್ದರೆ ಸೂರೂ ಹೋಯಿತು, ಕೆಲಸವೂ ಹೋಯಿತು. ಬೇರೆ ಕುಟುಂಬ ಹುಡುಕಲು ಸಾಮಾನ್ಯವಾಗಿ ಸಿಗುವುದು ಎರಡು ವಾರ. ಸಿಗದಿದ್ದರೆ ಊರಿಗೆ ವಾಪಸ್. ಆ ವರ್ಷ ಊರಿಗೆ ವಿಮಾನ ಇದ್ದರೆ ತಾನೇ? ಹೀಗಾಗಿ ಕೂಲಿಯ ಪ್ರಶ್ನೆ ಮತ್ತು ಸ್ವಾತಂತ್ರ್ಯದ ಪ್ರಶ್ನೆ ಬೇರೆಬೇರೆ ಅಲ್ಲ. ಕೈಯಲ್ಲಿ ನಾಲ್ಕು ಕಾಸು ಇದ್ದವಳು 'ಆಗಲ್ಲ' ಅನ್ನಬಲ್ಲಳು. ವಾರಕ್ಕೆ 195 ಡಾಲರ್‌ನಲ್ಲಿ ಒಂದು ಬಾಡಿಗೆ ಕೋಣೆಯೂ ಹುಟ್ಟುವುದಿಲ್ಲ.

ಇಂಥ ಹೊತ್ತಿಗೆ ಜೂನ್ 22ರ ಘೋಷಣೆ ಬಂತು. ಮೂವತ್ತು ವರ್ಷ ಇದು ದುಡಿಮೆಯಲ್ಲ, ವಿನಿಮಯ ಅಂತ ಹೇಳಿಕೊಂಡು ಬಂದ ದೇಶ, ಓ ಪೇರ್‌ಗಳು ಅಮೆರಿಕನ್ನರ ಕೆಲಸ ಕಸಿಯುತ್ತಾರೆ ಅಂದಿತು! ಸಂಬಳ ಕೇಳಿದಾಗ ಮನೆಮಗಳು, ವೀಸಾ ಕೇಳಿದಾಗ ಕಾರ್ಮಿಕಳು. ಜುಲೈನಲ್ಲಿ ಕೆಲವು ವಿನಾಯಿತಿ ಕೊಟ್ಟರು. ಕೋವಿಡ್ ರೋಗಿಗಳಿಗೆ ಚಿಕಿತ್ಸೆ ಕೊಡುವ ಅಥವಾ ಆ ಕುರಿತು ಸಂಶೋಧನೆ ಮಾಡುವವರ ಮಕ್ಕಳನ್ನು, ವಿಶೇಷ ಆರೈಕೆ ಬೇಕಾದ ಮಕ್ಕಳನ್ನು ನೋಡಿಕೊಳ್ಳುವ ಓ ಪೇರ್ ಬರಬಹುದು, ಅದು ರಾಷ್ಟ್ರೀಯ ಹಿತಾಸಕ್ತಿ. ರಾಷ್ಟ್ರೀಯ ಹಿತಾಸಕ್ತಿಗೂ ಕನಿಷ್ಠ ದರ ಗಂಟೆಗೆ 4.35.

ಅಕ್ಟೋಬರ್ 1ರಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶರು ಈ ಘೋಷಣೆಗೆ ಭಾಗಶಃ ತಡೆ ಕೊಟ್ಟರು. ಕೋರ್ಟಿಗೆ ಹೋದವರಲ್ಲಿ ಟೆಕ್ ಕಂಪನಿಗಳ ಸಂಘವೂ ಇತ್ತು, ಓ ಪೇರ್‌ಗಳನ್ನು ಕರೆತರುವ ಒಂದು ಏಜೆನ್ಸಿಯೂ ಇತ್ತು. ಹಾಗೆ ನಮ್ಮ ಕಡೆಯ ಎಚ್-1ಬಿ ಇಂಜಿನಿಯರ್ ಮತ್ತು ಕೊಲಂಬಿಯಾದ ಹುಡುಗಿ ಒಂದೇ ಕೇಸಿನ ಬಾಲ ಹಿಡಿದರು. 2021ರ ಮಾರ್ಚ್ 31ಕ್ಕೆ ನಿರ್ಬಂಧ ತಾನಾಗಿ ಮುಗಿಯಿತು.

ಮ್ಯಾಸಚೂಸೆಟ್ಸ್ ತೀರ್ಪಿನ ವಿರುದ್ಧದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ ಆ 2020ರ ಜೂನ್‌ನಲ್ಲೇ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ, ಹಾಗಾಗಿ ಆ ರಾಜ್ಯದಲ್ಲಿ ತೀರ್ಪು ಉಳಿಯಿತು. ಬ್ರಿಟನ್ನಿನಲ್ಲಿ ಮನೆಯವರ ಹಾಗೆ ಇದ್ದು ಕೆಲಸ ಮಾಡುವವರಿಗೆ ಕನಿಷ್ಠ ಕೂಲಿ ಬೇಡ ಅನ್ನೋ ವಿನಾಯಿತಿ 2024ರ ಏಪ್ರಿಲ್ 1ಕ್ಕೆ ರದ್ದಾಯಿತು. ನಾರ್ವೆ ಅದೇ ವರ್ಷ ಮಾರ್ಚ್‌ನಲ್ಲಿ ಯೋಜನೆಯನ್ನೇ ನಿಲ್ಲಿಸಿತು. ನಿಲ್ಲಿಸೋದು ಹುಡುಗಿಯರಿಗೆ ನ್ಯಾಯವೋ, ಅವರ ಬಾಗಿಲು ಮುಚ್ಚಿದ್ದೋ ಅನ್ನೋದರಲ್ಲಿ ನನಗೆ ಅನುಮಾನ ಇದೆ. ಅಮೆರಿಕದ ವಿದೇಶಾಂಗ ಇಲಾಖೆ 2023ರ ಅಕ್ಟೋಬರ್‌ನಲ್ಲಿ ಸ್ಟೈಪೆಂಡನ್ನು ಆಯಾ ರಾಜ್ಯದ ಕನಿಷ್ಠ ಕೂಲಿಗೆ ಜೋಡಿಸುವ ಕರಡು ನಿಯಮ ಹೊರಡಿಸಿತು. ಏಜೆನ್ಸಿಗಳು ಅದನ್ನು ವಿರೋಧಿಸಿದವು. ಲೆಕ್ಕದ ಬುಡದಲ್ಲಿರುವ ಆ 7.25 ಡಾಲರ್ ಮಾತ್ರ 2009ರ ಜುಲೈನಲ್ಲಿ ನಿಗದಿಯಾದದ್ದು.