ತವರು ಕೇಳಿದ ಪುರಾವೆ

ಮುಂಬೈಯಲ್ಲಿ ಬಹುಕಾಲದಿಂದ ಇರುವವರಿಗೆ 1996ರ ಫೆಬ್ರವರಿ ನೆನಪಿರಬಹುದು. ಕಾಮಾಠಿಪುರದ ವೇಶ್ಯಾಗೃಹಗಳ ಮೇಲೆ ದಾಳಿ ಮಾಡಿದ ಪೊಲೀಸರು ನಾನೂರಕ್ಕೂ ಹೆಚ್ಚು ಹುಡುಗಿಯರನ್ನು ಹೊರತಂದರು. ಅವರಲ್ಲಿ ಸುಮಾರು ಇನ್ನೂರು ಮಂದಿ ನೇಪಾಳದವರು. ನಮ್ಮ ಬೆಳಗಾವಿ ಸೀಮೆಯಿಂದ ಬಂದ ಹೆಣ್ಣುಮಕ್ಕಳೂ ಆ ಗಲ್ಲಿಗಳಲ್ಲಿ ಇದ್ದವರೇ. ಆದರೆ ಅವರ ಊರಿಗೂ ಮುಂಬೈಗೂ ನಡುವೆ ದೇಶದ ಗಡಿ ಇರಲಿಲ್ಲ.

ಭಾರತ-ನೇಪಾಳ ಗಡಿ ದಾಟಲು ಪಾಸ್‌ಪೋರ್ಟ್ ಬೇಡ. ಮಾರುವವನಿಗೆ ಅದೇ ಅನುಕೂಲ. ಹುಡುಗಿಯರು ಮರಳಿ ಹೊರಟಾಗ ಮಾತ್ರ ನೇಪಾಳ ಸರ್ಕಾರ ಪೌರತ್ವದ ಪುರಾವೆ ಕೇಳಿತು. ಅಲ್ಲಿ ಪೌರತ್ವ ಪತ್ರ ಸಿಗುತ್ತಿದ್ದುದು 16 ತುಂಬಿದ ಮೇಲೆ, ಅದೂ ತಂದೆಯ ಇಲ್ಲವೇ ಗಂಡನ ಹೆಸರಿನ ಮೇಲೆ. ಅದಕ್ಕೂ ಮೊದಲೇ ಮಾರಾಟವಾದವಳು ಎಲ್ಲಿಂದ ತರಬೇಕು? ಏಡ್ಸ್ ತರುತ್ತಾರೆಂಬ ಭಯವೂ ಕಠ್ಮಂಡುವಿನಲ್ಲಿ ಹಬ್ಬಿತ್ತು. ನಿನ್ನನ್ನು ಮಾರಿದವರು ಯಾರು ಎಂಬ ಪ್ರಶ್ನೆ ಹಿಂದೆ ಬಿತ್ತು, ನೀನು ಯಾರ ಮಗಳು ಎಂಬುದು ಮುಂದೆ ಬಂತು. ಹುಡುಗಿಯರು ಆಶ್ರಯಧಾಮಗಳಲ್ಲಿ ತಿಂಗಳುಗಟ್ಟಲೆ ಬಂದಿಗಳಂತೆ ಕಾದರು.

ಕೊನೆಗೆ ಜುಲೈಯಲ್ಲಿ ನೇಪಾಳದ ಕೆಲವು ಸ್ವಯಂಸೇವಾ ಸಂಸ್ಥೆಗಳೇ ಹೊಣೆ ಹೊತ್ತು ನೂರಕ್ಕೂ ಹೆಚ್ಚು ಮಂದಿಯನ್ನು ಕರೆದೊಯ್ದವು.

ಕಳ್ಳಸಾಗಣೆಗೆ ಬಲಿಯಾದವರನ್ನು ತವರುದೇಶ ವಿನಾಕಾರಣ ತಡಮಾಡದೆ ಕರೆಸಿಕೊಳ್ಳಬೇಕು, ಕಾಗದವಿಲ್ಲದಿದ್ದರೆ ತಾನೇ ಮಾಡಿಕೊಡಬೇಕು ಎಂದು ವಿಶ್ವಸಂಸ್ಥೆಯ ಪಲೆರ್ಮೊ ಒಪ್ಪಂದ ಬರೆದದ್ದು 2000ದಲ್ಲಿ. ಮರಳಿದವರಲ್ಲಿ 15 ಮಂದಿ 1996ರಲ್ಲೇ ಸೇರಿ ಕಟ್ಟಿದ ‘ಶಕ್ತಿ ಸಮೂಹ’ಕ್ಕೆ ನೋಂದಣಿ ಸಿಕ್ಕಿದ್ದೂ ಅದೇ ವರ್ಷ. ಅಷ್ಟು ತಡವೇಕೆಂದರೆ, ಸಂಘ ನೋಂದಾಯಿಸಲೂ ಪೌರತ್ವ ಪತ್ರ ಬೇಕಿತ್ತು.