ಬಂಡೆಗಳ ಸೀಮೆಯಲ್ಲಿ ಕ್ಯಾಮೆರಾ ಬದಲಾದ ಬಗೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯ ಬೆಟ್ಟಗಳು ಛಾಯಾಗ್ರಹಣ ಹುಟ್ಟುವುದಕ್ಕೆ ಮೊದಲೇ ಚಿತ್ರಗಾರರ ಕಣ್ಣಿಗೆ ಬಿದ್ದಿದ್ದವು. 1791ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯ ಮಾಗಡಿಯ ಸಾವನದುರ್ಗವನ್ನು ವಶಪಡಿಸಿಕೊಂಡ ಕಾಲದಲ್ಲಿ ಆ ಸೈನ್ಯದ ಜೊತೆಗಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಈ ದುರ್ಗಗಳನ್ನು ಬರೆದುಕೊಂಡು, 1794ರಲ್ಲಿ ಮೈಸೂರು ಸೀಮೆಯ ದೃಶ್ಯಗಳ ಸಂಪುಟವನ್ನು ಹೊರತಂದನು. ಮುಂದೆ ಪೆನ್ಸಿಲಿನ ಕೆಲಸವನ್ನು ಕ್ಯಾಮೆರಾ ವಹಿಸಿಕೊಂಡಾಗ, ಈ ಪ್ರದೇಶದಲ್ಲಿ ಚಿತ್ರ ತೆಗೆಯುವವರ ಮುಂದೆ ಒಂದೇ ಪ್ರಶ್ನೆ ತಲೆಮಾರಿನಿಂದ ತಲೆಮಾರಿಗೆ ಬೇರೆ ಬೇರೆ ರೂಪದಲ್ಲಿ ಬಂದು ನಿಂತಿತು: ಕೈಯಲ್ಲಿರುವ ಕ್ಯಾಮೆರಾ ಸಾಕೇ, ಇದಕ್ಕಿಂತ ದೊಡ್ಡದಕ್ಕೆ ಹೋಗಬೇಕೇ? ಚಿಕ್ಕ ಮಿರರ್‌ಲೆಸ್ ಕ್ಯಾಮೆರಾ ಹಿಡಿದಿರುವ ಇಂದಿನ ಛಾಯಾಗ್ರಾಹಕರು ಕೇಳಿಕೊಳ್ಳುತ್ತಿರುವುದೂ ಇದನ್ನೇ.

ಈ ಪ್ರಶ್ನೆಗೆ ಸಿಕ್ಕ ಅತ್ಯಂತ ದೊಡ್ಡ ಉತ್ತರ ರಾಮನಗರದ ರಾಮದೇವರ ಬೆಟ್ಟದ ಆಸುಪಾಸಿನಲ್ಲಿಯೇ ರೂಪುಗೊಂಡಿತು. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿ ನಿರ್ದೇಶನದ ‘ಶೋಲೆ’ಯ ಚಿತ್ರೀಕರಣ ಇಲ್ಲಿ ಆರಂಭವಾದಾಗ, ಚಿತ್ರವನ್ನು 70 ಎಂ.ಎಂ. ಪರದೆಯ ಮೇಲೆ, ಅಂದರೆ ಸಾಮಾನ್ಯ ಚಿತ್ರಗಳಿಗೆ ಬಳಸುವ 35 ಎಂ.ಎಂ. ಫಿಲ್ಮಿನ ಎರಡರಷ್ಟು ಅಗಲದ ಫಿಲ್ಮಿನಲ್ಲಿ ತೋರಿಸಬೇಕೆಂಬ ಆಸೆ ತಯಾರಕರಿಗಿತ್ತು. ಆದರೆ ಅದಕ್ಕೆ ಬೇಕಾದ ಕ್ಯಾಮೆರಾಗಳನ್ನು ಹೊರದೇಶದಿಂದ ತರಿಸುವ ವೆಚ್ಚ ಕೈಗೆಟುಕುವಂತಿರಲಿಲ್ಲ. ಆದ್ದರಿಂದ ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರು ಎಂದಿನ 35 ಎಂ.ಎಂ. ಕ್ಯಾಮೆರಾದಲ್ಲಿಯೇ ಚಿತ್ರೀಕರಿಸಿದರು. ಅಗಲ ಪರದೆಯ ಅಂಚು ಎಲ್ಲಿ ಬರುತ್ತದೆಂಬ ಗೆರೆಗಳನ್ನು ಗುರುತಿಸಿದ ಗಾಜೊಂದನ್ನು ಅಳವಡಿಸಿಕೊಂಡು, ನಟರ ತಲೆಯಾಗಲಿ ಬಂಡೆಯ ತುದಿಯಾಗಲಿ ಆ ಗೆರೆಗಳನ್ನು ಮೀರದಂತೆ ಚೌಕಟ್ಟನ್ನು ಕಟ್ಟಲಾಯಿತು. ಬಳಿಕ ಲಂಡನ್ನಿನಲ್ಲಿ ಆ ಚಿತ್ರಿಕೆಯನ್ನು 70 ಎಂ.ಎಂ.ಗೆ ಹಿಗ್ಗಿಸಲಾಯಿತು. 1975ರ ಆಗಸ್ಟ್ 15ರಂದು ತೆರೆಕಂಡ ಚಿತ್ರದಲ್ಲಿ ರಾಮನಗರದ ಬಂಡೆಗಳು ಅಷ್ಟು ವಿಶಾಲವಾಗಿ ಕಂಡದ್ದಕ್ಕೆ ಕ್ಯಾಮೆರಾದ ಗಾತ್ರ ಕಾರಣವಲ್ಲ. ಚಿತ್ರ ಕೊನೆಗೆ ಯಾವ ಪರದೆಯ ಮೇಲೆ ನಿಲ್ಲುತ್ತದೆಂಬುದನ್ನು ತೆಗೆಯುವ ಹೊತ್ತಿನಲ್ಲಿಯೇ ಲೆಕ್ಕ ಹಾಕಿದ್ದುದೇ ಕಾರಣ. ಕನ್ನಡ ನಾಡಿನಲ್ಲಿ ಚಿತ್ರ ತೆಗೆಯುವ ಪ್ರತಿಯೊಬ್ಬರೂ ಅರಿತಿರಬೇಕಾದ ಸಂಗತಿ ಇದು.

‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರವನ್ನು 65 ಎಂ.ಎಂ. ನೆಗೆಟಿವ್‌ನಲ್ಲಿ ತೆಗೆದು ಹೆಸರಾಗಿದ್ದ ಡೇವಿಡ್ ಲೀನ್ ಸಹ 1984ರಲ್ಲಿ ತೆರೆಕಂಡ ‘ಎ ಪ್ಯಾಸೇಜ್ ಟು ಇಂಡಿಯಾ’ದ ಗುಹೆಗಳ ದೃಶ್ಯಗಳಿಗಾಗಿ ಸಾವನದುರ್ಗಕ್ಕೂ ರಾಮದೇವರ ಬೆಟ್ಟಕ್ಕೂ ಬಂದಾಗ 35 ಎಂ.ಎಂ. ಕ್ಯಾಮೆರಾವನ್ನೇ ಬಳಸಿದರು.

ಊರಿನ ಸ್ಟುಡಿಯೊಗಳ ಇತಿಹಾಸವೂ ಇದೇ ದಾರಿಯಲ್ಲಿ ಸಾಗಿದೆ. ಕರ್ನಾಟಕದ ಸಣ್ಣ ಪಟ್ಟಣಗಳಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದದ್ದು 120 ಅಳತೆಯ ರೋಲು. ಮನೆಗಳಲ್ಲಿ ಆಗ್ಫಾ ಕ್ಲಿಕ್‌ನಂಥ ಸರಳ ಪೆಟ್ಟಿಗೆಯಾದರೆ, ಸ್ಟುಡಿಯೊಗಳಲ್ಲಿ ಯಾಷಿಕಾ-ಮ್ಯಾಟ್‌ನಂಥ, ನೋಡುವುದಕ್ಕೊಂದು ತೆಗೆಯುವುದಕ್ಕೊಂದು ಎಂಬಂತೆ ಎರಡು ಮಸೂರಗಳನ್ನು ಒಂದರ ಮೇಲೊಂದು ಕೂಡಿಸಿದ ಕ್ಯಾಮೆರಾ. ರೋಲೊಂದಕ್ಕೆ 12 ಚೌಕ ಚಿತ್ರಗಳು ಬರುತ್ತಿದ್ದವು. ಆ ನೆಗೆಟಿವ್ ಎಷ್ಟು ದೊಡ್ಡದಿತ್ತೆಂದರೆ, ಕುಶಲರಾದ ಕೆಲಸಗಾರರು ಚೂಪು ಪೆನ್ಸಿಲಿನಿಂದ ಅದರ ಮೇಲೆಯೇ ಮುಖದ ಕಲೆಗಳನ್ನು ಮರೆಮಾಡುತ್ತಿದ್ದರು. ಬಣ್ಣದ ಫಿಲ್ಮೂ ಅದನ್ನು ತೊಳೆದು ಪ್ರಿಂಟ್ ಹಾಕಿಕೊಡುವ ಲ್ಯಾಬುಗಳೂ ಹರಡಿದಂತೆ ಇದೇ ಸ್ಟುಡಿಯೊಗಳು 35 ಎಂ.ಎಂ. ಕ್ಯಾಮೆರಾಗಳಿಗೆ, ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ10ರಂಥವಕ್ಕೆ, ಸರಿದವು. ಹಳೆಯ ಚೌಕ ನೆಗೆಟಿವ್‌ನ ವಿಸ್ತೀರ್ಣ ಹೊಸದರ ಮೂರೂವರೆ ಪಟ್ಟಿಗಿಂತ ಹೆಚ್ಚಿತ್ತೆಂಬುದನ್ನು ಗಮನಿಸಿದರೆ, ಇದು ಚಿಕ್ಕದರತ್ತ ಇಟ್ಟ ಹೆಜ್ಜೆ. ಆದರೂ ಸರಿಯಾದ ಹೆಜ್ಜೆ. ಏಕೆಂದರೆ ರೋಲೊಂದಕ್ಕೆ 36 ಚಿತ್ರಗಳು ಸಿಕ್ಕಿದ್ದರಿಂದ ಮದುವೆಯ ಧಾರೆಯ ನಡುವೆ ರೋಲು ಬದಲಿಸುತ್ತ ನಿಲ್ಲುವುದು ತಪ್ಪಿತು, ಮತ್ತು ಅಂಗೈ ಅಗಲದ ಆಲ್ಬಂ ಪ್ರತಿಗೆ ಆ ಅಳತೆ ಧಾರಾಳವಾಗಿ ಸಾಕಾಗಿತ್ತು.

ಇಂದು ‘ಫುಲ್ ಫ್ರೇಮ್’ ಎಂದು ಕರೆಯಲಾಗುವ ಸಂವೇದಕ, ಅಂದರೆ ಬೆಳಕನ್ನು ಗ್ರಹಿಸುವ ಫಲಕ, 35 ಎಂ.ಎಂ. ಫಿಲ್ಮಿನ ಚೌಕಟ್ಟಿನ ಅದೇ 36×24 ಮಿ.ಮೀ. ಅಳತೆಯದು. ಮಿರರ್‌ಲೆಸ್ ಎಂದರೆ, ಮಸೂರದಿಂದ ಬಂದ ಬೆಳಕನ್ನು ನೋಡುಗಿಂಡಿಗೆ ತಿರುಗಿಸುವ ಕನ್ನಡಿಯನ್ನು ತೆಗೆದುಹಾಕಿ, ಸಂವೇದಕ ಕಾಣುವುದನ್ನೇ ವಿದ್ಯುತ್ ಪರದೆಯ ಮೇಲೆ ತೋರಿಸುವ ಕ್ಯಾಮೆರಾ. 2008ರಲ್ಲಿ ಪ್ಯಾನಾಸೋನಿಕ್ ಜಿ1ರ ಮೂಲಕ ಮಾರುಕಟ್ಟೆಗೆ ಕಾಲಿಟ್ಟ ಈ ಬಗೆಯಲ್ಲಿ, 2014ರ ಸೋನಿ ಎ6000ದಂಥ ಚಿಕ್ಕ ಕ್ಯಾಮೆರಾಗಳು ಸುಮಾರು 344 ಗ್ರಾಂ ತೂಕದಲ್ಲಿ 24 ಮೆಗಾಪಿಕ್ಸೆಲ್ ಚಿತ್ರ ಕೊಟ್ಟವು. ಅವುಗಳ ಎಪಿಎಸ್-ಸಿ ಅಳತೆಯ ಸಂವೇದಕದ ವಿಸ್ತೀರ್ಣ ಫುಲ್ ಫ್ರೇಮಿನ ಅರ್ಧಕ್ಕಿಂತ ತುಸು ಕಡಿಮೆ. ಸಾವನದುರ್ಗದ ಕಡಿದಾದ ಬಂಡೆಯನ್ನೇರುವವರಿಗೆ, ಕನಕಪುರದ ಸಂಗಮದಿಂದ ಮೇಕೆದಾಟುವಿನ ಕೊರಕಲಿನತ್ತ ನಡೆಯುವವರಿಗೆ ಈ ಹಗುರತನವೇ ದೊಡ್ಡ ಅನುಕೂಲ.

ಕೆಲಸದ ಕ್ಷೇತ್ರ ಬದಲಾದಂತೆ ಉತ್ತರವೂ ಬದಲಾಗುತ್ತದೆ. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಚರಕಿಗೆ ಕೊಟ್ಟು ತಿರುಗಿಸಿ, ತಿರುಗುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸಿದ ಬೊಂಬೆಯ ಚಿತ್ರ ತೆಗೆಯುವಾಗ ಎದುರಾಗುವ ತೊಂದರೆ ಆ ಹೊಳಪೇ ಆಗಿದೆ: ನೇರ ಬೆಳಕು ಬಿದ್ದರೆ ಅರಗಿನ ದುಂಡು ಮೈಮೇಲೆ ಬಿಳಿಯ ಚುಕ್ಕೆ ಮೂಡಿ, ಅಲ್ಲಿನ ಬಣ್ಣ ಅಳಿಸಿಹೋಗುತ್ತದೆ. ಸಂವೇದಕ ಎಷ್ಟೇ ದೊಡ್ಡದಾಗಲಿ, ಆ ಚುಕ್ಕೆಯನ್ನು ತೆಗೆಯಲಾರದು. ಕಿಟಕಿಗೆ ಬಿಳಿಯ ಪಂಚೆಯೊಂದನ್ನು ಇಳಿಬಿಟ್ಟು ಬೆಳಕನ್ನು ಹದಗೊಳಿಸಿ, ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಕೂಡಿಸಿದರೆ ಚಿಕ್ಕ ಕ್ಯಾಮೆರಾವೇ ತೃಪ್ತಿಕರ ಚಿತ್ರ ಕೊಡುತ್ತದೆ. ಬೊಂಬೆ ಮಾರುವವರು ಹೊಸ ಕ್ಯಾಮೆರಾಕ್ಕೆ ಹಣ ಸುರಿಯುವುದು ವ್ಯರ್ಥವೆಂದು ನಿಸ್ಸಂಕೋಚವಾಗಿ ಹೇಳಬಹುದು.

2012ರಲ್ಲಿ ರಣಹದ್ದು ಧಾಮವೆಂದು ಘೋಷಿತವಾದ ರಾಮದೇವರ ಬೆಟ್ಟದಲ್ಲಿ ದೊಡ್ಡ ಸಂವೇದಕ ಹಿನ್ನಡೆಯೂ ಆಗಬಲ್ಲದು. ಉದ್ದಕೊಕ್ಕಿನ ರಣಹದ್ದು ಬಂಡೆಯ ಕಡಿದಾದ ಮುಖದ ಚಾಚುಗಳಲ್ಲಿ ಗೂಡು ಕಟ್ಟುವುದರಿಂದ ಅದನ್ನು ದೂರದಿಂದಲೇ ನೋಡಬೇಕು, ದೂರದಿಂದಲೇ ನೋಡುವುದು ಹಕ್ಕಿಯ ಹಿತಕ್ಕೂ ಒಳ್ಳೆಯದು. 300 ಮಿ.ಮೀ. ಮಸೂರವೊಂದು ಎಪಿಎಸ್-ಸಿ ಕ್ಯಾಮೆರಾದಲ್ಲಿ ಫುಲ್ ಫ್ರೇಮಿನ 450 ಮಿ.ಮೀ. ಮಸೂರದಷ್ಟು ಕಿರಿದಾದ ನೋಟವನ್ನು ಹಿಡಿಯುತ್ತದೆ. ಬಾಡಿಯನ್ನು, ಅಂದರೆ ಮಸೂರ ಬಿಟ್ಟು ಉಳಿದ ಕ್ಯಾಮೆರಾವನ್ನು, ಫುಲ್ ಫ್ರೇಮಿಗೆ ಬದಲಿಸಿದವರು ಅದೇ ನೋಟಕ್ಕಾಗಿ ಇನ್ನೂ ಉದ್ದದ, ಇನ್ನೂ ಭಾರದ ಮಸೂರವನ್ನು ಕೊಳ್ಳಬೇಕಾಗುತ್ತದೆ.

ಮದುವೆಯ ಕೆಲಸಕ್ಕೆ ಮಾತ್ರ ಲೆಕ್ಕ ಬೇರೆ. ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ ಎಂಬ ಈ ಸೀಮೆಯ ರೂಢಿಯಲ್ಲಿ ಕ್ಯಾಮೆರಾ ಬಹುಪಾಲು ಕಲ್ಯಾಣ ಮಂಟಪದ ಮಂದ, ಬಣ್ಣಬಣ್ಣದ ದೀಪಗಳ ಅಡಿಯಲ್ಲಿ ದುಡಿಯುತ್ತದೆ. ಅಲ್ಲಿ ಎರಡು ಪಟ್ಟಿಗಿಂತ ಹೆಚ್ಚು ವಿಸ್ತೀರ್ಣದ ಸಂವೇದಕವಿದ್ದರೆ ನೆರಳಿನ ಭಾಗಗಳಲ್ಲಿ ಮರಳು ಮರಳಾಗಿ ಕಾಣುವ ಕಲೆ ಗಮನಾರ್ಹವಾಗಿ ಇಳಿಯುತ್ತದೆ. ಆದರೆ ಅದಕ್ಕಿಂತಲೂ ಗಟ್ಟಿಯಾದ ಕಾರಣಗಳು ಬೇರೆಯಿವೆ. ಎ6000ದ ಬ್ಯಾಟರಿ 1020 ಎಂ.ಎ.ಎಚ್. ಶಕ್ತಿಯದಾದರೆ, 2018ರ ಸೋನಿ ಎ7 ಥ್ರೀಯದು 2280. ಅಲ್ಲದೆ ಎರಡನೆಯದರಲ್ಲಿ ಎರಡು ಮೆಮೊರಿ ಕಾರ್ಡುಗಳಿಗೆ ಜಾಗವಿದ್ದು, ಒಂದೇ ಚಿತ್ರ ಎರಡರಲ್ಲಿಯೂ ದಾಖಲಾಗುವಂತೆ ಮಾಡಬಹುದು. ಧಾರೆ ಎರೆಯುವ ಗಳಿಗೆಯನ್ನು ಮತ್ತೊಮ್ಮೆ ತೆಗೆಯಲು ಬಾರದು. ಕಾರ್ಡು ಕೆಟ್ಟರೆ ಒಂದು ಕುಟುಂಬದ ನೆನಪೇ ನಷ್ಟವಾಗುತ್ತದೆ. ಮದುವೆಯನ್ನು ವೃತ್ತಿಯಾಗಿಸಿಕೊಂಡವರಿಗೆ ಬಾಡಿ ಬದಲಿಸಲು ಇದೊಂದೇ ಕಾರಣ ಸಾಕು.

ಬದಲಿಸುವ ಮುನ್ನ ಮಸೂರ ಕೂಡಿಸುವ ಬಾಯಿಯ, ಅಂದರೆ ಮೌಂಟ್‌ನ, ವಿಚಾರವನ್ನು ನೋಡಲೇಬೇಕು. ಸೋನಿಯ ಚಿಕ್ಕ ಹಾಗೂ ದೊಡ್ಡ ಸಂವೇದಕದ ಮಿರರ್‌ಲೆಸ್ ಕ್ಯಾಮೆರಾಗಳೆರಡಕ್ಕೂ ಒಂದೇ ಇ-ಮೌಂಟ್ ಇರುವುದರಿಂದ ಫುಲ್ ಫ್ರೇಮಿಗೆಂದು ಮಾಡಿದ ಮಸೂರವನ್ನು ಮೊದಲೇ ಕೊಂಡು, ಬಾಡಿಯನ್ನು ಅನಂತರ ಕೊಳ್ಳಲು ಅವಕಾಶವಿದೆ. ಕ್ಯಾನನ್ 2012ರಲ್ಲಿ ಆರಂಭಿಸಿದ ಇಎಫ್-ಎಂ ಮೌಂಟ್‌ನ ಮಸೂರಗಳಾದರೋ 2018ರ ಆರ್‌ಎಫ್ ಮೌಂಟ್‌ಗೆ ಕೂಡುವುದಿಲ್ಲ. ಹಾಗಾಗಿ ಎಂ50ಯಂಥ ಕ್ಯಾಮೆರಾ ಕೊಂಡವರಿಗೆ ಬದಲಾವಣೆ ಎಂದರೆ ಬಾಡಿ ಮತ್ತು ಮಸೂರ ಎರಡನ್ನೂ ಹೊಸದಾಗಿ ಕೊಳ್ಳುವುದು. ಇಂಥವರು ಹಳೆಯದನ್ನು ಕಡಿಮೆ ಬೆಲೆಗೆ ಮಾರುವ ಬದಲು ಎರಡನೆಯ ಕ್ಯಾಮೆರಾ ಆಗಿ ಉಳಿಸಿಕೊಳ್ಳುವುದು ಲೇಸು: ಮಂಟಪದ ಮುಂದೆ ದೊಡ್ಡ ಕ್ಯಾಮೆರಾ ನಿಂತಿರುವಾಗ, ವಧುವಿನ ಕೋಣೆ ಮತ್ತು ಊಟದ ಮನೆಯ ಚಿತ್ರಗಳಿಗೆ ಸಹಾಯಕನ ಕೈಯಲ್ಲಿ ಹಗುರವಾದ ಅದೇ ಕ್ಯಾಮೆರಾ ಒದಗುತ್ತದೆ.