ಶಾಂತಿಪುರ: ಹರಿನಾಮವೂ ಕೈಮಗ್ಗವೂ

ವಂಗದೇಶದ ನದಿಯಾ ಜಿಲ್ಲೆಯಲ್ಲಿ, ಕೊಲ್ಕತ್ತೆಗೆ ಉತ್ತರದಲ್ಲಿ ಭಾಗೀರಥಿಯ ತೀರದಲ್ಲಿ ಶಾಂತಿಪುರವೆಂಬ ಪುಟ್ಟ ನಗರವಿದೆ. ಹರಿಭಕ್ತಿಗೂ ಕೈಮಗ್ಗದ ಸೀರೆಗೂ ಹೆಸರಾದ ಈ ಊರಿನ ಚರಿತ್ರೆಯನ್ನು ಮಾಧ್ವಬಂಧುಗಳು ತಿಳಿಯುವುದು ಉಚಿತ.

ಶ್ರೀ ಚೈತನ್ಯರಿಗಿಂತ ವಯಸ್ಸಿನಲ್ಲಿ ಹಿರಿಯರಾದ ಅದ್ವೈತಾಚಾರ್ಯರು ನೆಲೆಸಿದ್ದು ಇಲ್ಲಿಯೇ. ಹೆಸರು ಕೇಳಿ ವಾಚಕರು ಚಕಿತರಾಗಬೇಕಿಲ್ಲ. ಅವರು ಪ್ರಸಾರ ಮಾಡಿದ್ದು ಕೃಷ್ಣಭಕ್ತಿಯನ್ನು. ಅವರ ಗುರುಗಳು ಮಾಧವೇಂದ್ರಪುರಿಗಳು. ಗೌಡೀಯರು ತಮ್ಮ ಗುರುಪರಂಪರೆಯನ್ನು ಹೇಳುವಾಗ ಮಾಧವೇಂದ್ರಪುರಿಗಳನ್ನು ಶ್ರೀಮದಾಚಾರ್ಯರ ಸರಣಿಯಲ್ಲಿಯೇ ಎಣಿಸುತ್ತಾರೆ. ಸಿದ್ಧಾಂತದಲ್ಲಿ ಭೇದವಿದ್ದರೂ ಈ ಸಂಬಂಧವನ್ನು ಅವರು ಗೌರವದಿಂದ ಸ್ಮರಿಸುತ್ತಾರೆ. 1510ರಲ್ಲಿ ಸಂನ್ಯಾಸ ಸ್ವೀಕರಿಸಿದ ಚೈತನ್ಯರು ತಾಯಿ ಶಚೀದೇವಿಯನ್ನು ಕಂಡದ್ದು ಶಾಂತಿಪುರದ ಆಚಾರ್ಯಗೃಹದಲ್ಲಿ.

ಇಲ್ಲಿಯ ನೇಕಾರರೂ ಭಕ್ತರೇ. 1726ರಲ್ಲಿ ಕಟ್ಟಿಸಿದ ಶ್ಯಾಮಚಾಂದ ದೇವಾಲಯವು ನೇಕಾರ ಮನೆತನವೊಂದರ ಸೇವೆ. ಕಾರ್ತಿಕ ಮಾಸದ ರಾಸೋತ್ಸವದಲ್ಲಿ ಗೋಸ್ವಾಮಿ ಮನೆತನಗಳ ರಾಧಾಕೃಷ್ಣ ವಿಗ್ರಹಗಳು ಬೀದಿಗೆ ಬಂದಾಗ ಊರಿಗೆ ಊರೇ ನೆರೆಯುತ್ತದೆ.

ಶಾಂತಿಪುರದ ಸೀರೆಯ ಹಿರಿಮೆ ಅದರ ನವಿರಾದ ಹತ್ತಿಯ ನೂಲಿನಲ್ಲಿದೆ. ನೂಲಿಗೆ ಭತ್ತದ ಅರಳಿನ ಗಂಜಿಯನ್ನು ಕೈಯಿಂದ ಸವರಿ ಬಿಗಿ ಕೊಡುವುದು ಇಲ್ಲಿಯ ಸಂಪ್ರದಾಯ. ಇರುಳಿನಂಥ ಕಡುನೀಲಿಯ ‘ನೀಲಾಂಬರಿ’, ಎರಡು ಅಂಚುಗಳಿಗೆ ಎರಡು ಬಣ್ಣದ ‘ಗಂಗಾ-ಜಮುನಾ’ ಇವು ಪ್ರಸಿದ್ಧ. ಈಸ್ಟ್ ಇಂಡಿಯಾ ಕಂಪನಿಯು ಇಲ್ಲಿ ಕೋಠಿಯನ್ನು ತೆರೆದು ಬಟ್ಟೆಯನ್ನು ಕೊಳ್ಳುತ್ತಿತ್ತು.

ಆದರೆ ಮಗ್ಗದ ಹಿಂದೆ ಇನ್ನೊಂದು ಕೈಯಿತ್ತು. ಅದು ರಾಟೆಯಲ್ಲಿ ನೂಲುವ ಹೆಂಗಸಿನದು. 1828ರಲ್ಲಿ ‘ಸಮಾಚಾರ ದರ್ಪಣ’ ಪತ್ರಿಕೆಯು ಶಾಂತಿಪುರದ ಒಬ್ಬ ವಿಧವೆಯ ಅಳಲನ್ನು ಪ್ರಕಟಿಸಿತು. ಇಪ್ಪತ್ತೆರಡರ ಹರೆಯದಲ್ಲಿ ಪತಿಯನ್ನು ಕಳೆದುಕೊಂಡ ಆಕೆಗೆ ಮೂವರು ಹೆಣ್ಣುಮಕ್ಕಳು, ವೃದ್ಧ ಅತ್ತೆಮಾವಂದಿರು. ಯಾರಲ್ಲಿಯೂ ಕೈಚಾಚದೆ ನೂಲು ತೆಗೆದೇ ಆಕೆ ಮನೆಯನ್ನು ನಡೆಸಿದಳು, ಮಕ್ಕಳ ವಿವಾಹವನ್ನೂ ಮಾಡಿದಳು. ನೇಕಾರರೇ ಬಾಗಿಲಿಗೆ ಬಂದು ನೂಲು ಒಯ್ಯುತ್ತಿದ್ದರು. ಅಷ್ಟರಲ್ಲಿ ಇಂಗ್ಲೆಂಡಿನ ಗಿರಣಿಯ ನೂಲು ಅಗ್ಗವಾಗಿ ಬಂದಿಳಿಯಿತು. ಆಕೆಯ ರಾಟೆಯನ್ನು ಕೇಳುವವರಿಲ್ಲವಾಯಿತು.

ವಿಧವೆಯರ ದುಃಖ ಇಲ್ಲಿಯ ಮಗ್ಗಕ್ಕೂ ತಟ್ಟಿತೆಂಬುದಕ್ಕೆ ಒಂದು ಸಾಕ್ಷಿಯುಂಟು. ಪಂಡಿತ ಈಶ್ವರಚಂದ್ರ ವಿದ್ಯಾಸಾಗರರು ಪರಾಶರಸ್ಮೃತಿಯನ್ನು ಆಧಾರವಾಗಿಟ್ಟು ನಡೆಸಿದ ಯತ್ನದಿಂದ 1856ರಲ್ಲಿ ವಿಧವಾ ವಿವಾಹದ ಕಾಯಿದೆ ಬಂದಿತು. ಆಗ ಶಾಂತಿಪುರದ ನೇಕಾರರು ಅವರಿಗೆ ದೀರ್ಘಾಯುಷ್ಯವನ್ನು ಕೋರುವ ಹಾಡನ್ನು ಸೀರೆಯ ಅಂಚಿನಲ್ಲಿಯೇ ನೇಯ್ದರು! ಆ ವಿಚಾರದಲ್ಲಿ ಅಂದು ಮತಭೇದಗಳು ತೀವ್ರವಾಗಿದ್ದವು. ಆದರೂ ನೇಕಾರರು ತಮ್ಮ ಅಭಿಪ್ರಾಯವನ್ನು ಮುಚ್ಚಿಡಲಿಲ್ಲ.

1947ರ ದೇಶವಿಭಜನೆಯ ನಂತರ ಪೂರ್ವಬಂಗಾಳದ ಟಾಂಗೈಲ್‌ನ ಅನೇಕ ನೇಕಾರ ಕುಟುಂಬಗಳು ನೆಲೆ ತೊರೆದು ಸಮೀಪದ ಫುಲಿಯಾಕ್ಕೆ ಬಂದವು. ವಂಗಭಾಷೆಯ ರಾಮಾಯಣಕರ್ತ ಕೃತ್ತಿವಾಸನ ಊರು ಅದು. ಮನೆಮಠಗಳನ್ನು ಬಿಟ್ಟು ಬಂದರೂ ಕೈಯ ವಿದ್ಯೆ ಅವರೊಡನೆ ಬಂದಿತು. ಟಾಂಗೈಲ್ ಸೀರೆಯು ಭಾಗೀರಥಿಯ ತೀರದಲ್ಲಿಯೂ ಬೆಳೆಯಿತು.

ಶಾಂತಿಪುರಿ ಸೀರೆಗೆ 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೂ ವಿದ್ಯುತ್ ಮಗ್ಗದ ಅಗ್ಗದ ಅನುಕರಣೆಗಳ ಮುಂದೆ ಕೈಮಗ್ಗ ಸೊರಗುತ್ತಿದೆ. ದಿನಗಟ್ಟಲೆ ದುಡಿದು ನೇಯ್ದ ಸೀರೆಗೆ ತಕ್ಕ ಬೆಲೆ ಬಾರದಿದ್ದರೆ ನೇಕಾರನ ಮಗ ಮಗ್ಗದ ಬಳಿಗೆ ಏಕೆ ಬಂದಾನು? 1828ರಲ್ಲಿ ರಾಟೆಗೆ ಬಂದ ಗತಿಯೇ ಈಗ ಮಗ್ಗಕ್ಕೆ ಎದುರಾಗಿದೆ.

ಮದುವೆಗೋ ಹಬ್ಬಕ್ಕೋ ಸೀರೆ ಕೊಳ್ಳುವಾಗ ಅದನ್ನು ನೇಯ್ದ ಕೈಯನ್ನು ಒಮ್ಮೆ ನೆನೆಯೋಣ. ಕೈಮಗ್ಗದ್ದೇ ಹೌದೇ ಎಂದು ವಿಚಾರಿಸೋಣ. ಆ ವಿಧವೆ ಬೇಡಿದ್ದು ದಾನವನ್ನಲ್ಲ, ದುಡಿಮೆಗೆ ತಕ್ಕ ಬೆಲೆಯನ್ನು. ಅದನ್ನು ಸಲ್ಲಿಸುವುದೂ ಧರ್ಮವೇ.

॥ ಶ್ರೀಕೃಷ್ಣಾರ್ಪಣಮಸ್ತು ॥